ಅರ್ಜಿಯ ಚರಿತ್ರೆ: ಆಯ, ದತ್ತಿ ಮತ್ತು ಪಾಲಿನ ಪ್ರಶ್ನೆ

೧

ನಮ್ಮ ವಿಮರ್ಶೆ ಕಾವ್ಯವನ್ನು ಓದಿದೆ, ಆತ್ಮಕಥೆಯನ್ನು ಓದಿದೆ. ವಚನ, ಶಾಸನ, ಜನಪದ ಕಾವ್ಯಗಳನ್ನು ಕೇರಿಯ ಕಡೆಯಿಂದ ತಿರುಗಿಸಿ ನೋಡಿದೆ. ಆದರೆ ದಲಿತರು ಅತ್ಯಂತ ಹೆಚ್ಚು ಬರೆದಿರುವ, ಅಥವಾ ಬೇರೆಯವರ ಕೈಲಿ ಬರೆಸಿರುವ ಗದ್ಯಪ್ರಕಾರ ಯಾವುದು ಎಂಬ ಪ್ರಶ್ನೆಯನ್ನು ನಾವು ಕೇಳಿಕೊಂಡದ್ದು ಕಡಿಮೆ. ಅದು ಅರ್ಜಿ. ನಿವೇಶನಕ್ಕೆ ಅರ್ಜಿ, ಸ್ಮಶಾನಕ್ಕೆ ಅರ್ಜಿ, ಬೋರ್‌ವೆಲ್ಲಿಗೆ ಅರ್ಜಿ, ಹಾಸ್ಟೆಲ್ಲಿನ ಸೀಟಿಗೆ ಅರ್ಜಿ. ತಾಲ್ಲೂಕು ಕಚೇರಿಯ ಮರದ ಕೆಳಗೆ ಕೂತ ಅರ್ಜಿ ಬರೆಯುವವನು ಎಷ್ಟೋ ಕೇರಿಗಳ ಮೊದಲ ಲೇಖಕ. 'ಮಹಾಸ್ವಾಮಿಯವರ ಪಾದಾರವಿಂದಗಳಿಗೆ' ಅಂತ ಶುರುವಾಗಿ 'ಬಡ ಅರ್ಜಿದಾರ' ಅಂತ ಮುಗಿಯುವ ಆ ಗದ್ಯಕ್ಕೆ ಒಂದು ವ್ಯಾಕರಣವಿದೆ. ಕೇಳುವವನು ತನ್ನನ್ನು ಎಷ್ಟು ಸಣ್ಣವನನ್ನಾಗಿ ಬರೆದುಕೊಳ್ಳುತ್ತಾನೋ ಅಷ್ಟು ಕೊಡುವವನ ಮನಸ್ಸು ಕರಗುತ್ತದೆ ಎಂಬ ನಂಬಿಕೆಯೇ ಆ ವ್ಯಾಕರಣ.

ಈ ಅರ್ಜಿಗೆ ಈಚಿನ ವರ್ಷಗಳಲ್ಲಿ ಹೊಸ ವಿಳಾಸವೊಂದು ಸೇರಿಕೊಂಡಿದೆ. ೨೦೧೩ರ ಕಂಪನಿ ಕಾಯ್ದೆಯ ನಂತರ ಕೇರಿಯ ಸಂಘ, ಮಹಿಳಾ ಮಂಡಳಿ, ಓದುವ ಮನೆ ಇವೆಲ್ಲ ಕಂಪನಿಗಳ ಪ್ರತಿಷ್ಠಾನಗಳಿಗೆ ಅನುದಾನ ಕೇಳಿ ಅರ್ಜಿ ಹಾಕುತ್ತಿವೆ. ಪಾದಾರವಿಂದ ಹೋಯಿತು, 'ಫಲಾನುಭವಿ', 'ಪರಿಣಾಮ', 'ಸಬಲೀಕರಣ' ಬಂದವು. ಭಾಷೆ ಬದಲಾದ ಮಾತ್ರಕ್ಕೆ ವ್ಯಾಕರಣ ಬದಲಾಯಿತೇ? ಈ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ಕೊಡುವ-ತೆಗೆದುಕೊಳ್ಳುವ ಸಂಬಂಧದ ಚರಿತ್ರೆಯನ್ನೇ ಸ್ವಲ್ಪ ಹಿಂದಕ್ಕೆ ಹೋಗಿ ಓದಬೇಕಾಗುತ್ತದೆ. ಮುಖ್ಯವಾಗಿ, ನಮ್ಮವರಲ್ಲಿ ಅತ್ಯಂತ ಎಚ್ಚರದಿಂದ ಅರ್ಜಿ ಬರೆದ ಒಬ್ಬರನ್ನು ಓದಬೇಕಾಗುತ್ತದೆ. ಅವರು ಬಾಬಾಸಾಹೇಬ ಅಂಬೇಡ್ಕರ್.

೨

ಕನ್ನಡದಲ್ಲಿ ಕೊಡುವುದಕ್ಕೆ ಎರಡು ಹಳೆಯ ಮಾತುಗಳಿವೆ. ಒಂದು ದತ್ತಿ, ಇನ್ನೊಂದು ಆಯ. ದತ್ತಿ ಕಲ್ಲಿನ ಮೇಲಿನ ಮಾತು. ರಾಜನೋ ಸಾಮಂತನೋ ದೇವಸ್ಥಾನಕ್ಕೆ, ಬಸದಿಗೆ, ಅಗ್ರಹಾರಕ್ಕೆ ಭೂಮಿ ಬಿಟ್ಟು, ಕಾಲು ತೊಳೆದು, ಧಾರೆ ಎರೆದು, ಸೂರ್ಯಚಂದ್ರರಿರುವವರೆಗೆ ನಡೆಯಲಿ ಅಂತ ಕೆತ್ತಿಸುತ್ತಿದ್ದ. ಅದನ್ನು ಕಿತ್ತುಕೊಂಡವನಿಗೆ ಶಾಪ. ಇಲ್ಲಿ ಗಮನಿಸಬೇಕಾದ್ದು, ತೆಗೆದುಕೊಳ್ಳುವವನು ಇಲ್ಲಿ ಕೀಳಾಗುವುದಿಲ್ಲ. ಕೊಡುವವನೇ ಅವನ ಕಾಲು ತೊಳೆಯುತ್ತಾನೆ.

ಆಯ ಕಣದ ಮಾತು. ಸುಗ್ಗಿಯಲ್ಲಿ ರಾಶಿ ಆದಮೇಲೆ ತೋಟಿ, ತಳವಾರ, ನೀರಗಂಟಿ, ಕುಳವಾಡಿ ಮುಂತಾದವರಿಗೆ ಅಳೆದು ಹಾಕುತ್ತಿದ್ದ ಕಾಳು. ವರ್ಷಪೂರ್ತಿ ಮಾಡಿದ ಚಾಕರಿಗೆ ಅದು ಕೂಲಿ. ನ್ಯಾಯವಾಗಿ ನೋಡಿದರೆ ಹಕ್ಕು. ಆದರೆ ಆ ಹಕ್ಕನ್ನು ತೆಗೆದುಕೊಳ್ಳುವ ರೀತಿ ಹೇಗಿತ್ತು? ದೂರ ನಿಂತು, ಸೆರಗು ಒಡ್ಡಿ, 'ನನ್ನೊಡೆಯ' ಅಂತ ಕರೆದು. ಬೇಡುವ ಭಂಗಿಯಲ್ಲಿ ನಿಲ್ಲದೆ ಕೂಲಿಯೂ ಸಿಗುತ್ತಿರಲಿಲ್ಲ. ಚಾಕರಿಗಾಗಿ ಬಿಟ್ಟ ಇನಾಮು ಜಮೀನೂ ಹಾಗೆಯೇ; ಅಗ್ರಹಾರದ ದತ್ತಿಗೆ ಚಾಕರಿಯ ಷರತ್ತಿಲ್ಲ, ತೋಟಿಯ ಇನಾಮಿಗೆ ವಂಶಪೂರ್ತಿ ಚಾಕರಿಯ ಷರತ್ತು. ನಮ್ಮಲ್ಲಿ ಹಳ್ಳಿಯ ಈ ವಂಶಪಾರಂಪರ್ಯ ಹುದ್ದೆಗಳು ಕಾನೂನಿನಲ್ಲಿ ರದ್ದಾದದ್ದು ೧೯೬೧ರ ಕಾಯ್ದೆಯಿಂದ. ಅಂದರೆ ಎರಡು ಜಾತಿಯ ಕೊಡುಗೆಗಳು ಒಂದೇ ಊರಲ್ಲಿ ಶತಮಾನಗಟ್ಟಲೆ ನಡೆದವು. ಒಂದರಲ್ಲಿ ದಾನ ಪಡೆದವನು ಗೌರವ ಪಡೆದ. ಇನ್ನೊಂದರಲ್ಲಿ ದುಡಿದವನು ತನ್ನ ಕೂಲಿಯನ್ನೇ ಭಿಕ್ಷೆಯಂತೆ ಪಡೆದ.

ಈ ಲೆಕ್ಕವನ್ನು ಮೊದಲು ತಿರುಗಿಸಿದವರಲ್ಲಿ ಜೋತಿರಾವ್ ಫುಲೆ ಮುಖ್ಯರು. ಪೇಶ್ವೆಗಳ ಕಾಲದಲ್ಲಿ ಬ್ರಾಹ್ಮಣ ಪಂಡಿತರಿಗೆ ಹಂಚುತ್ತಿದ್ದ ದಕ್ಷಿಣೆಯ ಹಣವನ್ನು ಬ್ರಿಟಿಷರು ಒಂದು ನಿಧಿಯಾಗಿ ಮುಂದುವರಿಸಿದ್ದರು. ೧೮೫೦ರ ದಶಕದ ಮೊದಲ ವರ್ಷಗಳಲ್ಲಿ ಫುಲೆ ಮತ್ತು ಅವರ ಗೆಳೆಯರು ಹೆಣ್ಣುಮಕ್ಕಳಿಗೆ, ಮಹಾರ-ಮಾಂಗರ ಮಕ್ಕಳಿಗೆ ಪುಣೆಯಲ್ಲಿ ಶಾಲೆ ನಡೆಸುತ್ತ ಅದೇ ದಕ್ಷಿಣೆಯ ನಿಧಿಯಿಂದ ನೆರವು ಪಡೆದರು. ದಕ್ಷಿಣೆಗೆಂದೇ ಇದ್ದ ಗಂಟಿನಲ್ಲಿ ಒಂದು ಪಾಲು ಅಸ್ಪೃಶ್ಯ ಮಗುವಿನ ಪಾಟಿಗೆ ಬಂತು. ಆ ಹಣ ಸಾರ್ವಜನಿಕ ಹಣ, ರೈತನ ಕಂದಾಯದ ಹಣ, ಅದರಲ್ಲಿ ನಮ್ಮದೂ ಇದೆ ಎಂಬ ತಿಳಿವಳಿಕೆ ಇಲ್ಲದೆ ಅಂಥ ಅರ್ಜಿ ಹುಟ್ಟುವುದಿಲ್ಲ.

೩

ಅಂಬೇಡ್ಕರ್ ಅವರ ಬದುಕೂ ಅರ್ಜಿಯ ಜೊತೆಗೆ ಹೆಣೆದುಕೊಂಡದ್ದೇ. ೧೯೧೩ರಲ್ಲಿ ಬರೋಡದ ಸಯಾಜಿರಾವ್ ಗಾಯಕವಾಡರು ತಿಂಗಳಿಗೆ ಹನ್ನೊಂದೂವರೆ ಪೌಂಡಿನ ವಿದ್ಯಾರ್ಥಿವೇತನ ಕೊಟ್ಟು ಅವರನ್ನು ಅಮೆರಿಕಕ್ಕೆ ಕಳಿಸಿದರು. ಓದು ಮುಗಿದ ಮೇಲೆ ಹತ್ತು ವರ್ಷ ಬರೋಡ ಸಂಸ್ಥಾನದಲ್ಲಿ ಚಾಕರಿ ಮಾಡಬೇಕೆಂಬ ಕರಾರಿತ್ತು. ೧೯೧೭ರಲ್ಲಿ ಆ ಕರಾರು ತೀರಿಸಲು ಹೋದ ಪದವೀಧರನಿಗೆ ಬರೋಡದಲ್ಲಿ ಬಾಡಿಗೆಗೊಂದು ಕೋಣೆ ಸಿಗಲಿಲ್ಲ. ಮಹಾರಾಜರ ಔದಾರ್ಯ ದೊಡ್ಡದು, ಅದರಲ್ಲಿ ಅನುಮಾನವಿಲ್ಲ. ಆದರೆ ಒಬ್ಬ ವ್ಯಕ್ತಿಯ ಓದಿಗೆ ಕೊಟ್ಟ ಹಣ ಅವನ ಸುತ್ತಲಿನ ಊರನ್ನು ಬದಲಿಸಿರಲಿಲ್ಲ. ೧೯೨೦ರಲ್ಲಿ 'ಮೂಕನಾಯಕ' ಪತ್ರಿಕೆಗೆ ಕೊಲ್ಹಾಪುರದ ಶಾಹೂ ಮಹಾರಾಜರು ೨,೫೦೦ ರೂಪಾಯಿ ಕೊಟ್ಟರು. ಇಲ್ಲಿ ಹಣ ಮಹಾರಾಜರದು, ಮಾತು ಮಾತ್ರ ಪೂರ್ತಿ ಪತ್ರಿಕೆಯದು.

ಈ ಅನುಭವದಿಂದ ಅವರು ಕಲಿತದ್ದೇನು ಎಂಬುದಕ್ಕೆ ೧೯೨೪ರ ಬಹಿಷ್ಕೃತ ಹಿತಕಾರಿಣಿ ಸಭಾ ಸಾಕ್ಷಿ. ಅದು ೧೮೬೦ರ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾದ ಸಂಸ್ಥೆ. ಇವತ್ತಿನ ಮಾತಲ್ಲಿ ಹೇಳಬೇಕೆಂದರೆ ಒಂದು ಎನ್‌ಜಿಓ. ಅಧ್ಯಕ್ಷರು ಮೇಲುಜಾತಿಯ ಪ್ರಸಿದ್ಧ ವಕೀಲರಾದ ಸರ್ ಚಿಮನ್‌ಲಾಲ್ ಸೆಟಲ್ವಾಡ್. ಆದರೆ ವ್ಯವಸ್ಥಾಪಕ ಸಮಿತಿಯ ಅಧ್ಯಕ್ಷತೆ ಅಂಬೇಡ್ಕರ್ ಅವರದು. ಕಾರ್ಯದರ್ಶಿ, ಖಜಾಂಚಿ ಎರಡೂ ಸಮುದಾಯದವರೇ. ಲೆಟರ್‌ಹೆಡ್ಡಿನ ಮೇಲೆ ಯಾರ ಹೆಸರಿದ್ದರೂ ಸರಿ, ಬೀಗದ ಕೈ ನಮ್ಮ ಹತ್ತಿರ ಇರಬೇಕು. ೧೯೨೫ರಲ್ಲಿ ಸೊಲ್ಲಾಪುರದಲ್ಲಿ ಸಭಾ ತನ್ನ ವಿದ್ಯಾರ್ಥಿನಿಲಯ ತೆರೆಯಿತು.

ಇನ್ನು ೧೯೨೮ಕ್ಕೆ ಬರೋಣ. ಆ ಒಂದೇ ವರ್ಷದಲ್ಲಿ ಅವರು ಮಾಡಿದ ಎರಡು ಕೆಲಸಗಳನ್ನು ಪಕ್ಕಪಕ್ಕ ಇಟ್ಟು ಓದಬೇಕು. ಮುಂಬಯಿ ಶಾಸನಸಭೆಯಲ್ಲಿ ೧೮೭೪ರ ವಂಶಪಾರಂಪರ್ಯ ಹುದ್ದೆಗಳ ಕಾಯ್ದೆಗೆ ತಿದ್ದುಪಡಿ ಮಸೂದೆ ತಂದರು. ಮಹಾರ ವತನವೆಂಬ ಹೆಸರಲ್ಲಿ ಚೂರು ಜಮೀನು, ಮನೆಮನೆಯ ಕಾಳು ಕೊಟ್ಟು ಇಡೀ ಕುಟುಂಬವನ್ನು ಹಗಲುರಾತ್ರಿ ಬಿಟ್ಟಿಗೆ ಹಚ್ಚುವ ಪದ್ಧತಿಗೆ ಅದು ಎದುರಾಗಿತ್ತು. ನಮ್ಮ ಧಾರವಾಡ, ಬೆಳಗಾವಿ, ವಿಜಾಪುರ ಜಿಲ್ಲೆಗಳೂ ಆಗ ಮುಂಬಯಿ ಪ್ರಾಂತ್ಯದೊಳಗಿದ್ದು ಆ ಕಾಯ್ದೆಯ ಕೆಳಗೇ ಇದ್ದವು. ಮಸೂದೆ ಪಾಸಾಗಲಿಲ್ಲ. ಅದೇ ೧೯೨೮ರ ಜೂನ್ ತಿಂಗಳಲ್ಲಿ ದಲಿತ ವರ್ಗಗಳ ಶಿಕ್ಷಣ ಸಂಸ್ಥೆಯನ್ನು ಕಟ್ಟಿ, ಹೈಸ್ಕೂಲು ಮಕ್ಕಳ ಹಾಸ್ಟೆಲುಗಳಿಗೆ ಸರ್ಕಾರದ ಅನುದಾನ ಕೇಳಿ ಪಡೆದರು. ಐದು ಹಾಸ್ಟೆಲುಗಳಲ್ಲಿ ಒಂದು ನಮ್ಮ ಧಾರವಾಡದ್ದು. ಸರ್ಕಾರದ ಹಣ ಸಾಲದೆ ಬಂದಾಗ ಮುಸ್ಲಿಂ, ಪಾರ್ಸಿ ಧರ್ಮದತ್ತಿಗಳಿಗೂ ಬರೆದರು.

ಒಂದು ಕೈಯಲ್ಲಿ ಬೇಡ ಅನ್ನುವುದು, ಇನ್ನೊಂದು ಕೈಯಲ್ಲಿ ಕೊಡಿ ಅನ್ನುವುದು. ಇದು ವಿರೋಧಾಭಾಸವೇ? ಅಲ್ಲ ಅಂತ ನನ್ನ ಓದು. ವತನದ ಕಾಳು ಬಂದರೆ ಮನುಷ್ಯ ಕಟ್ಟಿಹಾಕಿಸಿಕೊಳ್ಳುತ್ತಾನೆ. ಹಾಸ್ಟೆಲ್ಲಿನ ಹಣ ಬಂದರೆ ಹುಡುಗ ಊರಿನ ಹಂಗು ಬಿಟ್ಟು ಹೊರಗೆ ಹೋಗುತ್ತಾನೆ. ಎರಡೂ ಹಣವೇ. ಯಾವುದು ಕಟ್ಟುತ್ತದೆ, ಯಾವುದು ಬಿಚ್ಚುತ್ತದೆ ಅನ್ನುವುದೇ ಅವರ ಅಳತೆಗೋಲು.

ಇದು ಅವರ ಅರ್ಥಶಾಸ್ತ್ರದಲ್ಲೂ ಇದೆ. ೧೯೨೫ರಲ್ಲಿ ಪ್ರಕಟವಾದ, ಬ್ರಿಟಿಷ್ ಇಂಡಿಯಾದ ಪ್ರಾಂತೀಯ ಹಣಕಾಸಿನ ವಿಕಾಸ ಕುರಿತ ಅವರ ಗ್ರಂಥವನ್ನು ನಮ್ಮ ಸಾಹಿತ್ಯ ವಿಮರ್ಶಕರು ಮುಟ್ಟುವುದಿಲ್ಲ. ಕೇಂದ್ರ ಸರ್ಕಾರ ಪ್ರಾಂತ್ಯಗಳಿಗೆ ಹಣ ಕೊಟ್ಟ ಬಗೆಯನ್ನು ಅದು ಮೂರು ಘಟ್ಟಗಳಲ್ಲಿ ನೋಡುತ್ತದೆ. ೧೮೭೧ರಿಂದ ಗೊತ್ತುಮಾಡಿದ ಇಡಿಗಂಟು. ೧೮೭೭ರಿಂದ ಕೆಲವು ಆದಾಯಗಳನ್ನೇ ಬಿಟ್ಟುಕೊಡುವುದು. ೧೮೮೨ರಿಂದ ಆದಾಯದಲ್ಲಿ ಪಾಲು. ಮೊದಲನೆಯದರಲ್ಲಿ ಪಡೆಯುವವನು ಕೊಡುವವನ ಮರ್ಜಿ ಕಾಯಬೇಕು, ಕೊನೆಯದರಲ್ಲಿ ಬೆಳೆ ಬೆಳೆದಂತೆ ಅವನ ಪಾಲೂ ಬೆಳೆಯುತ್ತದೆ. ಅನುದಾನದಿಂದ ಪಾಲಿನ ಕಡೆಗೆ ಹೋಗುವ ಈ ದಾರಿಯನ್ನು ಶೋಧಿಸಿದ ಗ್ರಂಥದ ಅರ್ಪಣೆ ಯಾರಿಗೆ ಗೊತ್ತೇ? ತನ್ನನ್ನು ಓದಿಸಿದ ಸಯಾಜಿರಾವ್ ಗಾಯಕವಾಡರಿಗೆ. ಕೃತಜ್ಞತೆ ಒಂದು ಪುಟದಲ್ಲಿ, ವಿಮರ್ಶೆ ಉಳಿದ ಪುಟಗಳಲ್ಲಿ. ಎರಡೂ ಒಟ್ಟಿಗೆ ಇರಬಹುದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

೪

೧೯೩೨ ಭಾರತದ ಬಂಡವಾಳದ ಔದಾರ್ಯದ ಚರಿತ್ರೆಯಲ್ಲಿ ದೊಡ್ಡ ವರ್ಷ. ಸರ್ ದೊರಾಬ್ಜಿ ಟಾಟಾ ಟ್ರಸ್ಟ್ ಹುಟ್ಟಿದ್ದು ಆ ವರ್ಷ. ಪೂನಾ ಒಪ್ಪಂದದ ಬೆನ್ನಿಗೇ, ಸೆಪ್ಟೆಂಬರ್ ೩೦ರಂದು, ಮುಂದೆ ಹರಿಜನ ಸೇವಕ ಸಂಘವಾದ ಅಸ್ಪೃಶ್ಯತಾ ವಿರೋಧಿ ಲೀಗು ಹುಟ್ಟಿತು. ಅದರ ಅಧ್ಯಕ್ಷರು ಉದ್ಯಮಿ ಘನಶ್ಯಾಮದಾಸ ಬಿರ್ಲಾ, ಪ್ರಧಾನ ಕಾರ್ಯದರ್ಶಿ ಠಕ್ಕರ್ ಬಾಪಾ. ೧೯೩೩-೩೪ರ ಹರಿಜನ ಯಾತ್ರೆಯಲ್ಲಿ ಗಾಂಧೀಜಿ ಸುಮಾರು ೮ ಲಕ್ಷ ರೂಪಾಯಿ ಕೂಡಿಸಿದರು. ಆ ಯಾತ್ರೆ ೧೯೩೪ರಲ್ಲಿ ನಮ್ಮ ಕರ್ನಾಟಕಕ್ಕೂ ಬಂದಿತ್ತು. ಹಳ್ಳಿಯ ಹೆಂಗಸರು ಮೈಮೇಲಿನ ಒಡವೆ ಬಿಚ್ಚಿ ಕೊಟ್ಟ ಕಾಲ ಅದು. ಆ ಭಾವನೆಯನ್ನು ನಾನು ಹಗುರ ಮಾಡುವುದಿಲ್ಲ.

ಆದರೆ ೧೯೩೨ರ ನವೆಂಬರಿನಲ್ಲಿ ಲಂಡನ್ನಿಗೆ ಹೊರಟ ಹಡಗಿನಿಂದ ಅಂಬೇಡ್ಕರ್ ಠಕ್ಕರ್ ಅವರಿಗೆ ಬರೆದ ಕಾಗದವನ್ನು ನಾವೆಲ್ಲ ಓದಬೇಕು. ಇವತ್ತು ಅನುದಾನದ ಅರ್ಜಿ ಬರೆಯುವ ಪ್ರತಿಯೊಬ್ಬನೂ ಓದಬೇಕು. ಅಸ್ಪೃಶ್ಯರ ಏಳಿಗೆಗೆ ಎರಡು ದಾರಿ ಇವೆ ಅಂತ ಅವರ ವಾದ. ಒಂದು, ಅಸ್ಪೃಶ್ಯ ವ್ಯಕ್ತಿಯನ್ನೇ ತಿದ್ದುವುದು: ಕುಡಿತ ಬಿಡಿಸು, ಗರಡಿಮನೆ ಕಟ್ಟಿಸು, ಗ್ರಂಥಾಲಯ ಇಡು. ಎರಡು, ಅವನ ಸುತ್ತಲಿನ ಪರಿಸರವನ್ನು ತಿದ್ದುವುದು: ಊರ ಬಾವಿಯ ನೀರು, ಶಾಲೆಯ ಬೆಂಚು, ಚಾವಡಿಯ ಕಟ್ಟೆ, ಉದ್ಯೋಗದ ಬಾಗಿಲು. ಮೊದಲನೆಯದು ತಪ್ಪು ಯಾರಲ್ಲಿದೆ ಅಂದರೆ ಅಸ್ಪೃಶ್ಯನಲ್ಲಿದೆ ಅನ್ನುತ್ತದೆ. ಎರಡನೆಯದು ಊರಿನಲ್ಲಿದೆ ಅನ್ನುತ್ತದೆ. ಲೀಗು ಎರಡನೆಯದಕ್ಕೆ ತನ್ನ ಶಕ್ತಿಯನ್ನೆಲ್ಲ ಹಾಕಬೇಕೆಂದು ಅವರು ಕೇಳಿದರು. ದುಡಿಯುವ ಕಾರ್ಯಕರ್ತರು ಆದಷ್ಟೂ ದಲಿತ ವರ್ಗಗಳಿಂದಲೇ ಬರಲಿ ಎಂದರು. ಆ ಕಾಗದ ತಲುಪಿತು ಎಂಬ ಮಾರೋಲೆಯೂ ಅವರಿಗೆ ಬರಲಿಲ್ಲ. ಹಣವಂತರು ಯಾವ ದಾರಿಗೆ ಹಣ ಬಿಚ್ಚುತ್ತಾರೆ ಎಂಬುದು ಆಗಲೇ ಗೊತ್ತಾಗಿತ್ತು. ಆ ಕಾಲದ ಮುಂಬಯಿ ಗಿರಣಿಗಳಲ್ಲಿ ಹೆಚ್ಚು ಕೂಲಿ ಇದ್ದ ನೇಯ್ಗೆ ವಿಭಾಗಕ್ಕೆ ಅಸ್ಪೃಶ್ಯರನ್ನು ಬಿಡುತ್ತಿರಲಿಲ್ಲ. ನೂಲು ತುಂಡಾದರೆ ಬಾಯಿಂದ ಎಳೆಯಬೇಕು, ಅದು ಮೈಲಿಗೆ. ಮಗ್ಗದ ಬಾಗಿಲು ತೆಗೆಯುವುದಕ್ಕಿಂತ ಕೇರಿಯಲ್ಲಿ ಶಾಲೆ ತೆಗೆಯುವುದು ಸುಲಭ.

ಸಂಘದ ಆಡಳಿತ ಮಂಡಳಿಯಲ್ಲಿ ಅಸ್ಪೃಶ್ಯರು ಏಕಿಲ್ಲ ಎಂಬ ಪ್ರಶ್ನೆಗೆ ಗಾಂಧೀಜಿ ಕೊಟ್ಟ ಸಮಾಧಾನ ಪ್ರಸಿದ್ಧವಾದುದು. ಇದು ಸವರ್ಣೀಯರ ಪ್ರಾಯಶ್ಚಿತ್ತ, ಅವರು ಸಾಲಗಾರರು, ಸಾಲ ತೀರಿಸುವ ಕೆಲಸ ಅವರೇ ಮಾಡಬೇಕು. ಹರಿಜನರು ಬೇಕಾದರೆ ಸಲಹಾ ಮಂಡಳಿ ಮಾಡಿಕೊಳ್ಳಲಿ. ಪಾಪಭಾವದ ದೃಷ್ಟಿಯಿಂದ ಇದು ದೊಡ್ಡ ಮಾತೇ. ಲೇವಾದೇವಿಯ ದೃಷ್ಟಿಯಿಂದ ನೋಡಿ. ಸಾಲ ಕೊಟ್ಟವನಿಗೆ ಲೆಕ್ಕ ಕೇಳುವ ಹಕ್ಕಿರುತ್ತದೆ, ಕಂತು ಗೊತ್ತುಮಾಡುವ ಹಕ್ಕಿರುತ್ತದೆ. ಇಲ್ಲಿ ಸಾಲಗಾರನೇ ಎಷ್ಟು ತೀರಿಸಬೇಕು, ಯಾವಾಗ ತೀರಿಸಬೇಕು, ಯಾವ ರೂಪದಲ್ಲಿ ತೀರಿಸಬೇಕು ಅಂತ ತೀರ್ಮಾನಿಸಿ, ಸಾಲ ಕೊಟ್ಟವನಿಗೆ 'ನೀನು ಸಲಹೆ ಕೊಡಪ್ಪ' ಅಂದ ಹಾಗಾಯಿತು. ೧೯೪೫ರ ತಮ್ಮ ಪುಸ್ತಕದಲ್ಲಿ ಅಂಬೇಡ್ಕರ್ ಈ ಔದಾರ್ಯವನ್ನು ರಾಜಕೀಯ ದಾನವೆಂದು ಕರೆದು ಒಂದು ಇಡೀ ಅಧ್ಯಾಯ ಬರೆದರು.

೫

ಇದು ನಮಗೆ ಮಾತ್ರ ಎದುರಾದ ಪ್ರಶ್ನೆಯಲ್ಲ. ನಮ್ಮ ಚಳವಳಿ ಅಮೆರಿಕದ ಕಪ್ಪು ಜನರ ಕಾವ್ಯ, ಪ್ಯಾಂಥರರ ಹೆಸರು ಎಲ್ಲವನ್ನೂ ತನ್ನದಾಗಿಸಿಕೊಂಡಿತು. ಅವರ ಲೆಕ್ಕಪತ್ರವನ್ನೂ ನೋಡಬೇಕು. ಕಂಪನಿ ಪ್ರತಿಷ್ಠಾನಗಳ ಜೊತೆ ವ್ಯವಹರಿಸಿದ ಅನುಭವ ಅವರಿಗೆ ನಮಗಿಂತ ಹಳೆಯದು.

ಸಿಯರ್ಸ್ ರೋಬಕ್ ಕಂಪನಿಯ ಮುಖ್ಯಸ್ಥ ಜೂಲಿಯಸ್ ರೋಸೆನ್‌ವಾಲ್ಡ್ ೧೯೧೭ರಲ್ಲಿ ತನ್ನ ನಿಧಿ ಸ್ಥಾಪಿಸಿದ. ೧೯೧೨ರಿಂದ ೧೯೩೨ರವರೆಗೆ ಅವನ ನೆರವಿನಿಂದ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಕಪ್ಪು ಮಕ್ಕಳಿಗಾಗಿ ಐದು ಸಾವಿರಕ್ಕೂ ಹೆಚ್ಚು ಶಾಲಾ ಕಟ್ಟಡಗಳು ಎದ್ದವು. ನಿಯಮ ಏನೆಂದರೆ, ಊರಿನ ಕಪ್ಪು ಜನ ತಮ್ಮ ಪಾಲು ಕೂಡಿಸಿದರೆ ಮಾತ್ರ ನಿಧಿಯ ಹಣ ಬರುವುದು. ಹತ್ತಿ ಹೊಲದ ಗೇಣಿದಾರರು ಕೋಳಿ ಮಾರಿ, ಮರ ಕಡಿದು ಕೊಟ್ಟು, ಮೈಮುರಿದು ದುಡಿದು ತಮ್ಮ ಪಾಲು ಹಾಕಿದರು. ಒಟ್ಟು ಲೆಕ್ಕದಲ್ಲಿ ಕಪ್ಪು ಜನ ಕೂಡಿಸಿದ ಹಣ ರೋಸೆನ್‌ವಾಲ್ಡ್ ಕೊಟ್ಟ ಹಣಕ್ಕಿಂತ ಹೆಚ್ಚು. ಆದರೂ ಆ ಶಾಲೆಗಳಿಗೆ ಇವತ್ತಿಗೂ ಉಳಿದಿರುವ ಹೆಸರು ಯಾರದು? ರೋಸೆನ್‌ವಾಲ್ಡ್ ಶಾಲೆಗಳು. ತೆರಿಗೆಯನ್ನು ಒಮ್ಮೆ ಕಟ್ಟಿ, ವಂತಿಗೆಯನ್ನು ಇನ್ನೊಮ್ಮೆ ಕೊಟ್ಟವರ ಹೆಸರು ಹಲಗೆಯ ಮೇಲೆ ಬರಲಿಲ್ಲ.

ಇನ್ನೊಂದು ಉದಾಹರಣೆ. ಉಕ್ಕಿನ ದೊರೆ ಆಂಡ್ರೂ ಕಾರ್ನೆಗಿ ೧೯೦೩ರಲ್ಲಿ ಬುಕರ್ ವಾಷಿಂಗ್ಟನ್ ಅವರ ಟಸ್ಕೀಗಿ ಸಂಸ್ಥೆಗೆ ೬ ಲಕ್ಷ ಡಾಲರ್ ಕೊಟ್ಟ. ಕೈಕಸುಬು ಕಲಿಸುವ, ಮತದಾನದ ಹಕ್ಕಿನ ಮಾತನ್ನು ಸದ್ಯಕ್ಕೆ ಪಕ್ಕಕ್ಕಿಡುವ ದಾರಿ ವಾಷಿಂಗ್ಟನ್ ಅವರದು. ಅದೇ ೧೯೦೩ರಲ್ಲಿ ಡು ಬಾಯ್ಸ್ ತಮ್ಮ ಪುಸ್ತಕದಲ್ಲಿ ಈ ದಾರಿಯನ್ನು ಟೀಕಿಸಿದರು. ರಾಜಕೀಯ ಅಧಿಕಾರ, ನಾಗರಿಕ ಹಕ್ಕು, ಉನ್ನತ ಶಿಕ್ಷಣ ಈ ಮೂರನ್ನೂ ಬಿಟ್ಟುಕೊಟ್ಟು ಪಡೆಯುವ ಕಸುಬಿನಿಂದ ಏನಾದೀತು ಎಂಬುದು ಅವರ ಪ್ರಶ್ನೆ. ವ್ಯಕ್ತಿಯನ್ನು ತಿದ್ದುವುದೋ, ಪರಿಸರವನ್ನು ತಿದ್ದುವುದೋ? ಹಡಗಿನಿಂದ ಬರೆದ ಕಾಗದದ ಪ್ರಶ್ನೆಯೇ ಇದು. ೧೯೪೬ರಲ್ಲಿ ಅಂಬೇಡ್ಕರ್ ಇದೇ ಡು ಬಾಯ್ಸ್ ಅವರಿಗೆ ಕಾಗದ ಬರೆದರು. ಅಮೆರಿಕದ ಕಪ್ಪು ಜನ ವಿಶ್ವಸಂಸ್ಥೆಗೆ ಸಲ್ಲಿಸಿದ ಮನವಿಯ ಪ್ರತಿ ಬೇಕು ಅಂತ. ಇಬ್ಬರು ದೊಡ್ಡ ಬುದ್ಧಿವಂತರ ಪರಿಚಯ ಆದದ್ದೂ ಒಂದು ಅರ್ಜಿಯ ನೆಪದಿಂದ. ಆದರೆ ಅದು ಹಕ್ಕು ಕೇಳುವ ಅರ್ಜಿ.

೬

ಸ್ವಾತಂತ್ರ್ಯದ ಮೇಲೆ ನಮ್ಮ ಅರ್ಜಿಗಳು ಬಹುಪಾಲು ಸರ್ಕಾರಕ್ಕೆ ಹೋದವು. ಸಂವಿಧಾನ ಅವನ್ನು ಹಕ್ಕಿನ ಅರ್ಜಿಗಳನ್ನಾಗಿ ಮಾಡಿತ್ತು, ಗುಮಾಸ್ತನ ಮುಖಭಾವ ಏನೇ ಇರಲಿ. ಚಳವಳಿಯ ಹಣದ ದಾರಿ ಬೇರೆ. ೧೯೭೦ರ ದಶಕದ ದಲಿತ ಸಂಘರ್ಷ ಸಮಿತಿ ಹಾಡು, ಸಭೆ, ಕಾಲ್ನಡಿಗೆಯ ಮೇಲೆ ನಿಂತ ಸಂಘಟನೆ. ಮೇಷ್ಟ್ರುಗಳ, ಗುಮಾಸ್ತರ, ಹಾಸ್ಟೆಲ್ ಹುಡುಗರ ಸಣ್ಣ ದುಡ್ಡಿನ ಸಂಘಟನೆ. ೧೯೭೮ರ ಡಿಸೆಂಬರ್ ೬ರಂದು ಕಾನ್ಶಿರಾಂ ಮತ್ತು ಗೆಳೆಯರು ಕಟ್ಟಿದ ಬಾಮ್‌ಸೆಫ್ ಇದನ್ನೇ ಒಂದು ತತ್ವ ಮಾಡಿತು: ಮೀಸಲಾತಿಯಿಂದ ನೌಕರಿ ಪಡೆದವನು ಸಮಾಜದ ಋಣ ತೀರಿಸಬೇಕು. ಯಾವ ಪ್ರತಿಷ್ಠಾನವೂ ದೇವದಾಸಿ ಬಿಡುವುದರ ವಿರುದ್ಧದ ಮೆರವಣಿಗೆಗೆ ಅನುದಾನ ಕೊಟ್ಟು ಆಮೇಲೆ ಅದರ 'ಪರಿಣಾಮ' ಅಳೆಯಲಾರದು.

ಈಗ ೨೦೧೩ರ ಕಾಯ್ದೆಯ ೧೩೫ನೇ ಸೆಕ್ಷನ್ನಿಗೆ ಬರೋಣ. ೨೦೧೪ರ ಏಪ್ರಿಲ್ ೧ರಿಂದ ಅದು ಜಾರಿಗೆ ಬಂತು. ಆಗಿನ ಅಳತೆಯಂತೆ ೫೦೦ ಕೋಟಿ ನಿವ್ವಳ ಆಸ್ತಿ, ಅಥವಾ ೧,೦೦೦ ಕೋಟಿ ವಹಿವಾಟು, ಅಥವಾ ೫ ಕೋಟಿ ನಿವ್ವಳ ಲಾಭ ಇರುವ ಕಂಪನಿ ಹಿಂದಿನ ಮೂರು ವರ್ಷದ ಸರಾಸರಿ ಲಾಭದ ನೂರಕ್ಕೆ ೨ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕು. ಯಾವ ಕೆಲಸ ಅನ್ನುವುದಕ್ಕೆ ೭ನೇ ಅನುಸೂಚಿ ಎಂಬ ಪಟ್ಟಿ. ಕಾನೂನು ಹೇಳಿ ಖರ್ಚು ಮಾಡಿಸುವ ಹಣ ಅಂದಮೇಲೆ ಇದು ದಾನ ಹೇಗಾದೀತು? ಆದರೆ ಚೆಕ್ಕು ಕೊಡುವ ಸಮಾರಂಭದ ಬ್ಯಾನರು, ಹಾರ, ಫೋಟೋ ಎಲ್ಲವೂ ದಾನದ್ದೇ. ಆಯವನ್ನು ಭಿಕ್ಷೆಯಂತೆ ಕೊಟ್ಟ ಊರಿನ ಅಭ್ಯಾಸ ಕಂಪನಿಯ ಕಚೇರಿಯಲ್ಲೂ ಮುಂದುವರಿದಿದೆ.

ಆ ಪಟ್ಟಿಯನ್ನು ಒಂದು ಪಠ್ಯದಂತೆ ಓದಿ ನೋಡಿ. ಹಸಿವು, ಶಿಕ್ಷಣ, ಆರೋಗ್ಯ, ಪರಿಸರ, ಪಾರಂಪರಿಕ ಕಲೆ, ಕ್ರೀಡೆ ಎಲ್ಲ ಇವೆ. 'ಸಾಮಾಜಿಕವಾಗಿ ಆರ್ಥಿಕವಾಗಿ ಹಿಂದುಳಿದ ಗುಂಪುಗಳು' ಎದುರಿಸುವ ಅಸಮಾನತೆಯನ್ನು ಕಡಿಮೆ ಮಾಡುವ ಕ್ರಮಗಳು ಅಂತ ಒಂದು ಬಾಲದ ಮಾತಿದೆ. ಪರಿಶಿಷ್ಟ ಜಾತಿ ಎಂಬ ಮಾತು ಬರುವುದು ಕೇಂದ್ರ ಸರ್ಕಾರದ ಪರಿಹಾರ ನಿಧಿಗಳಿಗೆ ಕೊಡುವ ವಂತಿಗೆಯ ಬಾಬಿನಲ್ಲಿ. ಅಸ್ಪೃಶ್ಯತೆ ಎಂಬ ಪದ ಇಲ್ಲವೇ ಇಲ್ಲ. ಕಂಪನಿಗಳು ತುಂಬುವ ವರದಿಯ ನಮೂನೆಯಲ್ಲಿ ಜಿಲ್ಲೆಗೆ ಕಾಲಂ ಇದೆ, ಹಣಕ್ಕೆ ಇದೆ, ಕೆಲಸ ನಡೆಸಿದ ಸಂಸ್ಥೆಯ ನೋಂದಣಿ ಸಂಖ್ಯೆಗೆ ಇದೆ. ಹಣ ಯಾವ ಕೇರಿಗೆ ಹೋಯಿತು, ಸಂಸ್ಥೆಯ ಸಮಿತಿಯಲ್ಲಿ ಯಾರಿದ್ದಾರೆ ಎಂಬುದಕ್ಕೆ ಕಾಲಂ ಇಲ್ಲ.

ಬಾಗಿಲಲ್ಲಿ ನಿಂತ ಷರತ್ತುಗಳನ್ನೂ ನೋಡಬೇಕು. ಸಂಸ್ಥೆ ನೋಂದಣಿಯಾಗಿರಬೇಕು, ಜ‌ನರ ಬಾಯಲ್ಲಿ ೧೨ಎ, ೮೦ಜಿ ಎಂದೇ ಹೆಸರಾದ ಆದಾಯ ತೆರಿಗೆಯ ಎರಡು ನೋಂದಣಿ ಬೇಕು, ೨೦೨೧ರ ಏಪ್ರಿಲ್‌ನಿಂದ ಕಂಪನಿ ವ್ಯವಹಾರಗಳ ಮಂತ್ರಾಲಯದಲ್ಲಿ ಪ್ರತ್ಯೇಕ ನೋಂದಣಿ ಬೇಕು, ಅಂಥದೇ ಕೆಲಸದಲ್ಲಿ ಮೂರು ವರ್ಷದ ಅನುಭವ ಬೇಕು. ಕಳ್ಳ ಸಂಸ್ಥೆಗಳನ್ನು ತಡೆಯಲು ಇವೆಲ್ಲ ಬೇಕಾದ್ದೇ ಇರಬಹುದು. ಆದರೆ ೨೦೨೧ರ ನಿಯಮದ ಒಂದು ಸೂಕ್ಷ್ಮ ನೋಡಿ: ಕಂಪನಿ ತಾನೇ ಸ್ಥಾಪಿಸಿದ ಟ್ರಸ್ಟಿಗೆ ಈ ಮೂರು ವರ್ಷದ ಷರತ್ತಿಲ್ಲ. ನಿನ್ನೆ ಹುಟ್ಟಿದ ಕಂಪನಿ ಪ್ರತಿಷ್ಠಾನ ಇವತ್ತು ಹಣ ಖರ್ಚು ಮಾಡಬಹುದು. ಕೇರಿಯ ಸಂಘ ಮೂರು ವರ್ಷ ಹಣವಿಲ್ಲದೆ ಕೆಲಸ ಮಾಡಿ ತೋರಿಸಿ, ಆಮೇಲೆ ಹಣ ಕೇಳಬೇಕು. ಆಡಿಟರಿಗೆ ಕೊಡುವ ಫೀಜೂ ತನ್ನ ಜೇಬಿನಿಂದಲೇ.

ನಾನು ಪಾಠ ಮಾಡುವ ತಾಲ್ಲೂಕಿನ ಒಂದು ಕೇರಿಯಲ್ಲಿ ಹುಡುಗರು ಸಂಜೆ ಓದುವ ಮನೆ ನಡೆಸುತ್ತಾರೆ. ಊರಿನ ಗ್ರಂಥಾಲಯ ದೇವಸ್ಥಾನದ ಓಣಿಯಲ್ಲಿದೆ. ಅಲ್ಲಿಗೆ ಈ ಮಕ್ಕಳು ಹೋಗುವುದಿಲ್ಲ, ಯಾಕೆ ಅಂತ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಒಂದು ಕಂಪನಿಯ ಅರ್ಜಿಯನ್ನು ತುಂಬಲು ನನ್ನನ್ನು ಕರೆದಿದ್ದರು. 'ಸಮಸ್ಯೆಯ ವಿವರ' ಅನ್ನುವ ಜಾಗದಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆದೆವು. ಫೋನು ಬಂತು: 'ಸಾರ್, ಜಾತಿ ಅಂತ ಹಾಕ್ಬೇಡಿ, ದುರ್ಬಲ ವರ್ಗ ಅನ್ನಿ. ಬೋರ್ಡಲ್ಲಿ ಪಾಸಾಗಲ್ಲ.' ಪಾಠ ಹೇಳುವ ಹುಡುಗಿಗೆ ಸಂಬಳ ಕೇಳಿದರೆ ಅದು ಬರುವುದಿಲ್ಲವಂತೆ, ಕಂಪನಿಯ ಗುರುತಿರುವ ಸ್ಕೂಲ್ ಬ್ಯಾಗು ಬರುತ್ತದಂತೆ. ಅಲ್ಲೇ ಕೂತಿದ್ದ ಒಬ್ಬ ಅಜ್ಜಿ ಕೇಳಿದಳು: 'ಬ್ಯಾಗು ಕೊಡ್ತಾರಂತೆ, ಸರಿ ಕನ್ ಮೇಷ್ಟ್ರೇ. ಪಾಠ ಹೇಳೋ ಮಗೀಗೆ ಯಾರ್ ಕೊಟ್ಟಾರು?' ಹುಡುಗರು ಜಾತಿ ಎಂಬ ಪದವನ್ನು ತೆಗೆಯಲಿಲ್ಲ. ಅನುದಾನ ಬರಲಿಲ್ಲ. ನೌಕರಿಯಲ್ಲಿರುವ ಕೇರಿಯ ಹದಿನಾಲ್ಕು ಜನ ತಿಂಗಳು ತಿಂಗಳು ಹಾಕುವ ದುಡ್ಡಿನಲ್ಲಿ ಆ ಹುಡುಗಿಗೆ ಸಂಬಳ ನಡೆಯುತ್ತಿದೆ. ಎಷ್ಟು ದಿನ ನಡೆದೀತು ಎಂಬ ಭಯವೂ ಇದೆ.

೭

ಹಾಗಾದರೆ ಕಂಪನಿ ಹಣವೇ ಬೇಡ ಅನ್ನೋಣವೇ? ಚಳವಳಿಯ ಹಿರಿಯರಲ್ಲಿ ಕೆಲವರು ಹಾಗೆ ಹೇಳುತ್ತಾರೆ. ಪ್ರಾಜೆಕ್ಟು ಬಂದ ಕಡೆ ಮೆರವಣಿಗೆ ನಿಂತಿತು, ವರದಿ ಬರೆಯುವವರು ಹೆಚ್ಚಾಗಿ ಘೋಷಣೆ ಕೂಗುವವರು ಕಡಿಮೆಯಾದರು ಅನ್ನುವುದು ಅವರ ಕಂಡುಂಡ ಮಾತು. ಅದನ್ನು ತಳ್ಳಿಹಾಕಲಾರೆ. ಆದರೆ ೧೯೨೮ರ ಅಂಬೇಡ್ಕರ್ ನಮಗೆ ಈ ಸುಲಭದ ಉತ್ತರವನ್ನು ಬಿಟ್ಟುಹೋಗಿಲ್ಲ. ಧಾರವಾಡದ ಹಾಸ್ಟೆಲ್ಲಿನ ಹುಡುಗನಿಗೆ ಅನ್ನ ಬೇಕಿತ್ತು, ಅವರು ಕೇಳಿದರು. ನಾವು ದೂರ ನಿಂತು ಶುದ್ಧವಾಗಿದ್ದರೆ ಆ ಹಣ ಬೇರೆ ಯಾರದೋ ಉದ್ಯಾನಕ್ಕೆ, ಯಾವುದೋ ದೇವಾಲಯದ ಜೀರ್ಣೋದ್ಧಾರಕ್ಕೆ ಹೋಗುತ್ತದೆ. ಪಾರಂಪರಿಕ ಕಟ್ಟಡಗಳ ರಕ್ಷಣೆಗೂ ಆ ಪಟ್ಟಿಯಲ್ಲಿ ಜಾಗವಿದೆ.

ಕೇಳಬೇಕು, ಆದರೆ ಅರ್ಜಿಯ ವ್ಯಾಕರಣವನ್ನು ಬದಲಿಸಿ ಕೇಳಬೇಕು. ಕಾಯ್ದೆ ತಾನೇ ಹೇಳುತ್ತದೆ, ಕಂಪನಿ ತಾನು ಕೆಲಸ ಮಾಡುವ ಸುತ್ತಲ ಪ್ರದೇಶಕ್ಕೆ ಆದ್ಯತೆ ಕೊಡಬೇಕು ಅಂತ. ಹಾಗಿದ್ದರೆ ಕಾರ್ಖಾನೆ ನಿಂತ ನೆಲ ಯಾರದಾಗಿತ್ತು, ಅದರ ನೀರು ಯಾವ ಕೆರೆಯದು, ಗೇಟಿನ ಹೊರಗೆ ಗುತ್ತಿಗೆ ಕೂಲಿಗೆ ನಿಂತವರು ಯಾವ ಕೇರಿಯವರು ಎಂಬುದು ಅರ್ಜಿಯ ಮೊದಲ ಪ್ಯಾರಾ ಆಗಲಿ. ಸಮಸ್ಯೆಯ ಹೆಸರನ್ನು ಬದಲಿಸಬಾರದು. 'ದುರ್ಬಲ' ಅನ್ನುವ ಪದ ತಪ್ಪನ್ನು ನಮ್ಮ ಮೈಮೇಲೆ ಹಾಕುತ್ತದೆ. ವಸ್ತುವಿಗಿಂತ ಮೊದಲು ಮನುಷ್ಯರ ಸಂಬಳ ಕೇಳಬೇಕು. ಸಲಹಾ ಮಂಡಳಿಯ ಕುರ್ಚಿ ಸಾಲದು, ತೀರ್ಮಾನ ಮಾಡುವ ಸಮಿತಿಯಲ್ಲಿ ಜಾಗ ಕೇಳಬೇಕು. ನಮ್ಮ ಜನ ಹಾಕಿದ ದುಡ್ಡು, ದುಡಿಮೆ ಎರಡನ್ನೂ ರೂಪಾಯಿಯಲ್ಲಿ ಲೆಕ್ಕ ಕಟ್ಟಿ ವರದಿಯಲ್ಲಿ ತೋರಿಸಬೇಕು, ಇಲ್ಲದಿದ್ದರೆ ಹಲಗೆಯ ಮೇಲೆ ಒಬ್ಬನದೇ ಹೆಸರು ಉಳಿಯುತ್ತದೆ. ಸಣ್ಣ ಸಂಘಗಳು ಒಂದೊಂದೇ ಸಾಯುವ ಬದಲು ನಾಲ್ಕಾರು ಸೇರಿ ಒಬ್ಬ ಆಡಿಟರನ್ನು, ಒಂದು ನೋಂದಣಿಯನ್ನು ಹಂಚಿಕೊಳ್ಳಬಹುದು. ಇದೆಲ್ಲ ಮಾಡಿದರೆ ಹಣ ಬಂದೇ ಬರುತ್ತದೆ ಅಂತ ನಾನು ಹೇಳಲಾರೆ. ಮೇಲೆ ಹೇಳಿದ ಹುಡುಗರಿಗೆ ಬರಲಿಲ್ಲ.

ಅದಕ್ಕೇ ತಿಂಗಳ ವಂತಿಗೆಯ ಪುಸ್ತಕವನ್ನು ಮುಚ್ಚಬಾರದು. ಬೇಡ ಅನ್ನುವ ತಾಕತ್ತು ಇರುವವನು ಮಾತ್ರ ಸರಿಯಾಗಿ ಕೇಳಬಲ್ಲ.

ಇನ್ನೊಂದು ಮಾತನ್ನು ವಿಮರ್ಶೆಯಾದರೂ ಮರೆಯದೆ ಕೇಳುತ್ತಿರಬೇಕು. ನೂರರಲ್ಲಿ ಎರಡು ಸಮಾಜಕ್ಕೆ. ಆ ಎರಡರಲ್ಲಿ ಕೇರಿಗೆ ಬರುವುದು ಒಂದು ಚೂರು. ಉಳಿದ ತೊಂಬತ್ತೆಂಟರ ಮನೆಯೊಳಗೆ, ಅಂದರೆ ಆ ಕಂಪನಿಯ ನೌಕರಿಯಲ್ಲಿ, ಗುತ್ತಿಗೆಯಲ್ಲಿ, ನಿರ್ದೇಶಕ ಮಂಡಳಿಯಲ್ಲಿ ನಮಗೆ ಯಾವ ಜಾಗ? ೨೦೦೬ರಲ್ಲಿ ಖಾಸಗಿ ರಂಗದ ಮೀಸಲಾತಿಯ ಮಾತು ಬಂದಾಗ ಉದ್ಯಮಿಗಳ ಒಕ್ಕೂಟಗಳು ಕಾನೂನು ಬೇಡ, ಸ್ವಯಂಪ್ರೇರಣೆಯಿಂದ ಮಾಡುತ್ತೇವೆ ಅಂದವು. ದಾನಕ್ಕೆ ಕಾನೂನು ಬಂತು, ಉದ್ಯೋಗದ ಪಾಲಿಗೆ ಬರಲಿಲ್ಲ. ಹಡಗಿನಿಂದ ಬರೆದ ಆ ಕಾಗದಕ್ಕೆ ಇನ್ನೂ ಮಾರೋಲೆ ಬರಬೇಕಾಗಿದೆ.